ಕ್ಯಾಷಿಯರನಿಗೆ ಹೆಸರೇಕಿಲ್ಲ?

ಪ್ರೀತಿಯ ತಮ್ಮನಿಗೆ ಆಶೀರ್ವಾದಗಳು.

ನಿನ್ನ ನಾಟಕ ಓದಿದೆ. ಪಾತ್ರಗಳ ಹೆಸರು ಕಿತ್ತುಹಾಕಿ ‘ಗಂಡು’, ‘ಹೆಣ್ಣು’, ‘ಅಧಿಕಾರಿ’ ಎಂದಷ್ಟೇ ಕರೆದಿದ್ದೀಯ. ಎಲ್ಲರೂ ಮೊದಲ ಪುಟದಿಂದಲೇ ಕೂಗುತ್ತಾರೆ. ಇದು ಹೊರಗಿನ ವಾಸ್ತವಕ್ಕಿಂತ ಒಳಗಿನ ತಳಮಳವನ್ನೇ ಹಿಗ್ಗಿಸಿ ತೋರಿಸುವ ಜರ್ಮನ್ ಅಭಿವ್ಯಕ್ತಿವಾದದ ದಾರಿ ಎಂದು ಬರೆದಿದ್ದೀಯಲ್ಲ, ಹಾಗಾದರೆ ಗೇಯೋರ್ಗ್ ಕೈಸರ್ 1912ರಲ್ಲಿ ಬರೆದ ‘ಮುಂಜಾನೆಯಿಂದ ಮಧ್ಯರಾತ್ರಿಯವರೆಗೆ’ ನಾಟಕವನ್ನು ಇನ್ನೊಮ್ಮೆ ನಿಧಾನವಾಗಿ ಓದು. 1917ರಲ್ಲಿ ಮ್ಯೂನಿಕ್‌ನಲ್ಲಿ ಅದು ಮೊದಲು ರಂಗವೇರಿತು.

ನಾಯಕ ಸಣ್ಣ ಊರಿನ ಬ್ಯಾಂಕಿನ ಕ್ಯಾಷಿಯರ್. ಹೆಸರಿಲ್ಲ, ನಿಜ. ಮೊದಲ ದೃಶ್ಯದಲ್ಲಿ ಅವನಿಗೆ ಮಾತೂ ಇಲ್ಲವೆನ್ನುವಷ್ಟು ಕಡಿಮೆ. ಕೌಂಟರಿನ ಮೇಲೆ ಬೆರಳಿನಿಂದ ತಟ್ಟುತ್ತಾನೆ, ಹಣ ಎಣಿಸುತ್ತಾನೆ. ಪರಸ್ಥಳದ ಹೆಂಗಸೊಬ್ಬಳ ಕೈ ತಾಗಿದ್ದೇ ತಡ, 60,000 ಮಾರ್ಕ್ ಎತ್ತಿಕೊಂಡು ಹೊರಟುಬಿಡುತ್ತಾನೆ. ಮಾತು ಕಟ್ಟೆಯೊಡೆಯುವುದು ಆಮೇಲೆ. ಅವನ ಬಾಲ್ಯದ ಕಥೆಯನ್ನು ಕೈಸರ್ ಹೇಳುವುದಿಲ್ಲ. ಆದರೆ ಮೊತ್ತ ಖಚಿತ, ಗಡುವು ಖಚಿತ. ಪ್ರತಿ ದೃಶ್ಯದಲ್ಲೂ ಒಂದೇ ಪ್ರಶ್ನೆ: ಈ ಹಣಕ್ಕೆ ಏನು ಸಿಗುತ್ತದೆ?

ಆರು ದಿನಗಳ ಸೈಕಲ್ ಪಂದ್ಯದ ದೃಶ್ಯ ನೋಡು. ಸವಾರರು ನಮಗೆ ಕಾಣುವುದಿಲ್ಲ, ಅವರನ್ನು ನೋಡುವವರು ಕಾಣುತ್ತಾರೆ. ಕ್ಯಾಷಿಯರ್ ಬಹುಮಾನ ಏರಿಸಿದಂತೆಲ್ಲ ಜನ ಮೇಲುಕೀಳು ಮರೆತು ಹುಚ್ಚೇಳುತ್ತಾರೆ. ಅಷ್ಟರಲ್ಲಿ ರಾಜಮನೆತನದವರ ಆಗಮನ, ರಾಷ್ಟ್ರಗೀತೆ. ಇಡೀ ಸಭೆ ತೆಪ್ಪಗಾಗುತ್ತದೆ. ಮೊದಲ ಮಹಾಯುದ್ಧಕ್ಕೆ ಮುಂಚಿನ ಜರ್ಮನಿಯ ಬಗ್ಗೆ ಇದಕ್ಕಿಂತ ಚುರುಕಾದ ಟೀಕೆಯನ್ನು ನಾನು ಕಂಡಿಲ್ಲ. ಭಾಷಣ ಒಂದೂ ಇಲ್ಲದೆ!

ಅದೇ ಪಂಥದ ನಾಟಕಕಾರ ಎರ್ನ್ಸ್ಟ್ ಟೊಲ್ಲರ್ ಕೂಡ ಸೆರೆಮನೆಯಲ್ಲಿ ಕುಳಿತು ಬರೆದ ನಾಟಕದಲ್ಲಿ ಷೇರುಪೇಟೆಯ ಬ್ಯಾಂಕರುಗಳನ್ನು ಕುಣಿಸಿಬಿಡುತ್ತಾನೆ. ಕುಣಿತ ಸಾಕು, ವಿವರಣೆ ಬೇಡ. ಅದೇ ಪಂಥದ ಇನ್ನೊಬ್ಬ ನಾಟಕಕಾರ ಹಾಸೆನ್‌ಕ್ಲೆವರನ, ತಂದೆಯ ವಿರುದ್ಧ ಮಗ ಸಿಡಿದೇಳುವ ‘ಮಗ’ ನಾಟಕದ ಆವೇಶ ಮಾತ್ರ ಈಗ ನನಗೆ ಸುಸ್ತು ತರಿಸುತ್ತದೆ. ನಿನ್ನ ನಾಟಕ ಅದರ ಪಕ್ಕಕ್ಕೆ ಹೋಗಿ ಕುಳಿತಿದೆ.

ನಿನ್ನ ಅಧಿಕಾರಿಯ ಬಾಯಿ ಒಂದು ದೃಶ್ಯದ ಮಟ್ಟಿಗೆ ಕಟ್ಟು. ಅವನ ಕೈ ಏನು ಮಾಡುತ್ತದೆ, ಅವನಿಗೆ ಎಷ್ಟು ಸಮಯವಿದೆ, ಎಷ್ಟು ಹಣವಿದೆ ಎಂದು ಬರೆದುಕೋ. ಕೊನೆಯ ಎರಡು ಪುಟದ ಸ್ವಗತ ಪೂರ್ತಿ ತೆಗೆ. ಕೈಸರನ ಕ್ಯಾಷಿಯರ್ ಗುಂಡು ಹಾರಿಸಿಕೊಂಡು ತೆರೆಯ ಮೇಲಿನ ಶಿಲುಬೆಗೆ ಒರಗಿದಾಗ ದೀಪಗಳೆಲ್ಲ ಸಿಡಿಯುತ್ತವೆ. ಪೊಲೀಸಿನವನು ಹೇಳುವುದಿಷ್ಟು: ಶಾರ್ಟ್ ಸರ್ಕಿಟ್ ಆಗಿದೆ. ಅಂಥದೊಂದು ಒಣ ಮಾತನ್ನು ಹುಡುಕು. ತಿದ್ದಿ ಕಳಿಸು, ಓದುತ್ತೇನೆ.

ಇತಿ,
ನಿನ್ನ ಹಿತೈಷಿ