ಡಿಜಿಟಲ್ ವಿಸಿಟಿಂಗ್ ಕಾರ್ಡ್: ಶನಿವಾರದೊಳಗೆ ಉತ್ತರಿಸಿ

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ನಮ್ಮ ಹೋಂಸ್ಟೇ ಮಾಲೀಕರೆಲ್ಲ ಒಟ್ಟಾಗಿ ಡಿಜಿಟಲ್ ವಿಸಿಟಿಂಗ್ ಕಾರ್ಡ್ ಸೇವೆ ಪಡೆಯುವ ವಿಷಯವನ್ನು ಈ ಭಾನುವಾರ ತೀರ್ಮಾನಿಸಬೇಕಿದೆ. ಬೇಡವೆನ್ನುವವರಿಗೆ ಒತ್ತಾಯವಿಲ್ಲ.

ಹಣ ಕಟ್ಟುವ ಮೊದಲು ಇದನ್ನು ಗಮನಿಸಿ. ಈ ಕಾರ್ಡ್‌ನಲ್ಲಿರುವ ನಮ್ಮ ವಿವರಗಳನ್ನು ಅತಿಥಿಗಳು ಸಾಮಾನ್ಯವಾಗಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಡೆಯುತ್ತಾರೆ. ಕ್ಯೂಆರ್ ಕೋಡ್‌ನಲ್ಲಿ ಎರಡು ಬಗೆ. ಒಂದರಲ್ಲಿ ಹೆಸರು, ಫೋನ್ ಸಂಖ್ಯೆ ಕೋಡ್‌ನೊಳಗೇ ಇರುತ್ತವೆ. ಇಂಟರ್‌ನೆಟ್ ಇಲ್ಲದೆಯೂ ಅತಿಥಿಗಳು ಮೊಬೈಲ್‌ನಲ್ಲಿ ಉಳಿಸಿಕೊಳ್ಳಬಹುದು, ಆದರೆ ಮುದ್ರಿಸಿದ ಮೇಲೆ ತಿದ್ದಲಾಗದು. ಇನ್ನೊಂದು ಬರೀ ಲಿಂಕ್. ವಿವರಗಳನ್ನು ಯಾವಾಗ ಬೇಕಾದರೂ ಬದಲಿಸಬಹುದು, ನಿಜ. ಆದರೆ ನೆಟ್‌ವರ್ಕ್ ಬೇಕು, ವಾರ್ಷಿಕ ಶುಲ್ಕ ನಿಲ್ಲಿಸಿದರೆ ಗೇಟಿನ ಫಲಕದಲ್ಲಿ ಮುದ್ರಿಸಿದ ಕೋಡ್ ಕೂಡ ನಿಷ್ಪ್ರಯೋಜಕವಾಗಬಹುದು. ಮುಳ್ಳಯ್ಯನಗಿರಿ ಕಡೆಯ ತೋಟಗಳಲ್ಲಿ ಮಳೆಗಾಲದ ಸಿಗ್ನಲ್ ಹೇಗಿರುತ್ತದೆಂದು ನಿಮಗೆ ಹೇಳಬೇಕಿಲ್ಲ. ನನ್ನ ಒಲವು ಮೊದಲನೆಯದಕ್ಕೇ. ಮೊಬೈಲ್‌ಗೆ ತಾಗಿಸುವ ಎನ್‌ಎಫ್‌ಸಿ ಕಾರ್ಡ್ ನೋಡಲು ಚೆನ್ನ, ಆದರೆ ಎಲ್ಲ ಮೊಬೈಲ್‌ಗಳಲ್ಲೂ ಆ ಸೌಲಭ್ಯವಿಲ್ಲ.

ನಿಮಗೆ ಪರಿಚಯದ ಸೇವಾದಾರರಿದ್ದರೆ ಕೇಳಿ ನೋಡಿ: ಕನ್ನಡ ಅಕ್ಷರಗಳು ಸರಿಯಾಗಿ ಮೂಡುತ್ತವೆಯೇ? ಎರಡನೆಯ ವರ್ಷದ ಶುಲ್ಕವೆಷ್ಟು? (ಮೊದಲ ವರ್ಷ ಎಲ್ಲರೂ ಅಗ್ಗವೇ.) ನಾವು ಸೇವೆ ನಿಲ್ಲಿಸಿದರೆ ನಮ್ಮ ವಿವರಗಳನ್ನು ಅಳಿಸುತ್ತಾರೆಯೇ?

ಶನಿವಾರ ರಾತ್ರಿ 8 ಗಂಟೆಯೊಳಗೆ ಹೋಂಸ್ಟೇ ಹೆಸರು, 'ಬೇಕು' ಅಥವಾ 'ಬೇಡ', ಬೇಕಿದ್ದರೆ ಯಾವ ಬಗೆ, ಇಷ್ಟನ್ನು ಇಲ್ಲೇ ಬರೆಯಿರಿ. ಕಾರ್ಡ್ ಮಾಡಿಕೊಡುತ್ತೇವೆಂದು ಯಾರಾದರೂ ಆಧಾರ್ ಪ್ರತಿ ಅಥವಾ ಒಟಿಪಿ ಕೇಳಿದರೆ ಕೊಡಬೇಡಿ. ಉತ್ತರಗಳು ಕಳೆದುಹೋಗದಂತೆ ಅಲ್ಲಿಯವರೆಗೆ ಶುಭೋದಯದ ಚಿತ್ರಗಳಿಗೆ ದಯವಿಟ್ಟು ವಿರಾಮ ಕೊಡಿ.