ನಿನ್ನ ಅರ್ಜಿಯ ಮೊದಲ ಪುಟದ ಬಗ್ಗೆ

ರಾಯಚೂರು

ಪ್ರಿಯ ಗೆಳೆಯ,

ವಿಶ್ಲೇಷಣಾ ರಸಾಯನಶಾಸ್ತ್ರದ ಯುವ ಸಂಶೋಧಕರಿಗೆ ಕೊಡುವ ಪ್ರಶಸ್ತಿಗೆ ಅರ್ಜಿ ಹಾಕೆಂದು ನಿನ್ನ ಮಾರ್ಗದರ್ಶಕರು ಹೇಳಿದರೂ ನೀನು ಹಿಂಜರಿಯುತ್ತಿರುವುದು ನಿನ್ನ ಪತ್ರದಿಂದ ತಿಳಿಯಿತು. "ನಾನು ಏನನ್ನೂ ಕಂಡುಹಿಡಿದಿಲ್ಲ, ಬರೀ ಅಳೆದಿದ್ದೇನೆ" ಎಂಬ ನಿನ್ನ ಸಾಲನ್ನು ಓದಿದ ಮೇಲೆ ಸುಮ್ಮನಿರಲು ನನಗೆ ಮನಸ್ಸಾಗಲಿಲ್ಲ.

ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಇದೇ ಕ್ಷೇತ್ರದ ಯುವ ಸಂಶೋಧಕರಿಗೆ ಕೊಡುವ ಬಹುಮಾನಕ್ಕೆ ಜೋಸೆಫ್ ಬ್ಲ್ಯಾಕ್‌ನ ಹೆಸರಿದೆ. 1754ರಲ್ಲಿ ಎಡಿನ್‌ಬರೋದಲ್ಲಿ ವೈದ್ಯಕೀಯ ಪದವಿಗಾಗಿ ಪ್ರಬಂಧ ಒಪ್ಪಿಸಿದಾಗ ಅವನಿಗೆ 26 ವರ್ಷ. ಮೂತ್ರಕೋಶದ ಕಲ್ಲಿಗೆ ಮದ್ದು ಹುಡುಕಲು ಹೊರಟವನು, ಮೆಗ್ನೀಷಿಯಾ ಆಲ್ಬಾ ಎಂಬ ಬಿಳಿ ಪುಡಿಯನ್ನು ಕಾಯಿಸುವ ಮೊದಲೂ ಕಾಯಿಸಿದ ಮೇಲೂ ತೂಗಿ, ಕಡಿಮೆಯಾದ ತೂಕ ಎಲ್ಲಿಗೆ ಹೋಯಿತೆಂದು ಬೆನ್ನು ಹತ್ತಿದ. ಇಂದು ನಾವು ಇಂಗಾಲದ ಡೈಆಕ್ಸೈಡ್ ಎನ್ನುವ ಅನಿಲ ಅವನಿಗೆ ಸಿಕ್ಕಿದ್ದು ಹಾಗೆ ತಕ್ಕಡಿಯನ್ನು ನಂಬಿದ್ದರಿಂದ. ಕೆಲವೇ ಮಿಲಿಗ್ರಾಂ ಸಾವಯವ ವಸ್ತುವನ್ನು ವಿಶ್ಲೇಷಿಸುವ ವಿಧಾನ ರೂಪಿಸಿದ ಫ್ರಿಟ್ಸ್ ಪ್ರೆಗ್ಲ್‌ಗೆ 1923ರ ನೊಬೆಲ್ ಬಂದಾಗಲೂ, ಅದು ಹೊಸ ಶೋಧಕ್ಕಲ್ಲ, ಇದ್ದ ವಿಧಾನಗಳನ್ನು ತಿದ್ದಿ ಉತ್ತಮಪಡಿಸಿದ್ದಕ್ಕೆ ಎಂದು ಸಮಿತಿಯ ಅಧ್ಯಕ್ಷರೇ ಹೇಳಿದ್ದರು.

ಇನ್ನು ನಿನ್ನ ಕೆಲಸಕ್ಕೆ ಬರುತ್ತೇನೆ. ಲಿಂಗಸುಗೂರು ತಾಲ್ಲೂಕಿನ ತಾಂಡಾಗಳಲ್ಲಿ ಕೊಳವೆಬಾವಿಯ ನೀರು ಹಿಡಿಯಲು ನಾವಿಬ್ಬರೂ ಬಿಸಿಲಲ್ಲಿ ತಿರುಗಿದ್ದು ನಿನಗೆ ನೆನಪಿರಬೇಕು. ಹಟ್ಟಿಯ ಚಿನ್ನದ ಅದಿರಿನೊಂದಿಗೆ ಆರ್ಸೆನಿಕ್ ಎಂಬ ವಿಷಧಾತು ಇರುವ ಖನಿಜವೂ ಸೇರಿಕೊಂಡಿರುವುದರಿಂದ ಆ ಸುತ್ತಿನ ನೀರನ್ನು ಪರೀಕ್ಷಿಸಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನ ಆರ್ಸೆನಿಕ್‌ಗೆ ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಧಾತುಗಳನ್ನು ಅವುಗಳ ಪರಮಾಣುವಿನ ದ್ರವ್ಯರಾಶಿಯಿಂದ ಬೇರ್ಪಡಿಸಿ ಅಳೆಯುವ ಐಸಿಪಿ-ಎಂಎಸ್ ಯಂತ್ರವು ಆರ್ಸೆನಿಕ್ಕನ್ನು ಗುರುತಿಸುವುದು 75 ಎಂಬ ದ್ರವ್ಯರಾಶಿಯಿಂದ. ಆದರೆ ಯಂತ್ರದೊಳಗಿನ ಆರ್ಗಾನ್ ಅನಿಲದ 40, ಉಪ್ಪುನೀರಿನ ಕ್ಲೋರಿನ್‌ನ 35, ಇವೆರಡೂ ಕೂಡಿದರೂ 75 ಆಗುತ್ತದೆ! ನಮ್ಮ ಎಡೆದೊರೆ ನಾಡಿನ ಸವಳು ನೀರಿಗೆ ಇದಕ್ಕಿಂತ ದೊಡ್ಡ ತೊಡಕಿಲ್ಲ. ವಿಷವಿಲ್ಲದ ಬಾವಿಯಲ್ಲೂ ವಿಷವಿದೆಯೆಂದು ಯಂತ್ರ ಹೇಳಬಹುದು, ಆ ಮಾತನ್ನು ನಂಬಿ ಜನ ಮೈಲಿಗಟ್ಟಲೆ ಕೊಡ ಹೊರಬೇಕಾಗಬಹುದು.

ನೀನು ಅಲ್ಲಿಗೆ ನಿಲ್ಲಲಿಲ್ಲ. ಯಂತ್ರದೊಳಗೆ ಹೀಲಿಯಂ ತುಂಬಿದ ಕೋಶದ ಮೂಲಕ ಅಯಾನುಗಳನ್ನು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳನ್ನು, ಹಾಯಿಸಿದರೆ, ಗಾತ್ರದಲ್ಲಿ ದೊಡ್ಡದಾದ ಆರ್ಗಾನ್-ಕ್ಲೋರಿನ್ ಜೋಡಿ ಹೆಚ್ಚು ಡಿಕ್ಕಿಗಳಿಂದ ಶಕ್ತಿ ಕಳೆದುಕೊಂಡು ಹಿಂದೆ ಉಳಿಯುತ್ತದೆ ಎಂಬುದು ಗೊತ್ತಿದ್ದ ವಿಷಯವೇ. ಹಾಗಿದ್ದರೂ ನೀನು ಆರ್ಸೆನಿಕ್ ಇಲ್ಲದ ಉಪ್ಪುನೀರನ್ನು ಬೇರೆಬೇರೆ ಪ್ರಮಾಣದಲ್ಲಿ ಕಲಸಿ ಯಂತ್ರಕ್ಕೆ ಕೊಟ್ಟೆ. ಬಾವಿಯ ನೀರಿಗೇ ತಿಳಿದಷ್ಟು ಆರ್ಸೆನಿಕ್ ಬೆರೆಸಿ, ಅಷ್ಟೂ ಮರಳಿ ಸಿಗುತ್ತದೆಯೇ ಎಂದು ನೋಡಿದೆ. ಹೊಂದದ ದಿನದ ಫಲಿತಾಂಶಗಳನ್ನೆಲ್ಲ ಕೈಬಿಟ್ಟು ಮತ್ತೆ ಮೊದಲಿನಿಂದ ತೊಡಗಿದೆ. ಇದರಿಂದ ನಿನ್ನ ಪ್ರಬಂಧ ಎಂಟು ತಿಂಗಳು ತಡವಾಯಿತು. ಆ ಎಂಟು ತಿಂಗಳನ್ನು ನೀನು ನಷ್ಟವೆಂದು ಲೆಕ್ಕ ಹಾಕಿರುವುದೇ ನನಗೆ ಬೇಸರದ ಸಂಗತಿ. ಪ್ರಶಸ್ತಿಗೆ ಯೋಗ್ಯವಾದದ್ದು ನಿನ್ನಲ್ಲಿ ಏನಾದರೂ ಇದ್ದರೆ ಅದು ಆ ಅವಧಿಯಲ್ಲೇ ಇದೆ. ಪ್ರಬಂಧಗಳ ಸಂಖ್ಯೆಯನ್ನು ಮಾತ್ರ ಎಣಿಸುವ ತೀರ್ಪುಗಾರರೂ ಇರುತ್ತಾರೆ, ನಿಜ; ಆದರೆ ಪ್ರಯೋಗಾಲಯದಲ್ಲಿ ಕೈ ಸುಟ್ಟುಕೊಂಡ ತೀರ್ಪುಗಾರರು ಮೊದಲು ತಿರುವಿ ನೋಡುವುದು ಬ್ಲ್ಯಾಂಕ್ ಮಾದರಿಗಳ, ಅಂದರೆ ಹುಡುಕುವ ವಸ್ತುವೇ ಇಲ್ಲದ ಮಾದರಿಗಳ, ಪಟ್ಟಿಯನ್ನೇ.

ಆದ್ದರಿಂದ ಅರ್ಜಿಯ ಕರಡನ್ನು ಈ ವಾರವೇ ನನಗೆ ಕಳಿಸು. ಆ ಪಟ್ಟಿಯನ್ನು ಅನುಬಂಧಕ್ಕೆ ತಳ್ಳದೆ ಮೊದಲ ಪುಟದಲ್ಲೇ ಹಾಕು. ನೀರು ಕೊಟ್ಟ ತಾಂಡಾದ ಹಿರಿಯರು ತಮ್ಮ ಬಾವಿಯ ಲೆಕ್ಕ ಏನಾಯಿತೆಂದು ಹೋದ ತಿಂಗಳು ಮತ್ತೆ ಕೇಳಿದರು. ಅವರಿಗೆ ಕನ್ನಡದಲ್ಲಿ ಒಂದು ಪುಟ ಬೇರೆಯಾಗಿ ಬರೆದುಕೊಡು, ನಾನೇ ಹೋಗಿ ಓದಿ ಹೇಳುತ್ತೇನೆ.

ಇಂತಿ ನಿನ್ನ ಗೆಳೆಯ