ಶಿರಸಿ–ಕಾರವಾರ ಜೋಡಿಯ ಮೊದಲ ಆಲ್ಬಮ್: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಮ್ಮ ಗುಂಪಿನ ಇಬ್ಬರು ಮೊದಲ ಆಲ್ಬಮ್ ಮಾಡ್ತಿರೋದು ಗೊತ್ತೇ ಇದೆ. ಒಬ್ಬರು ಶಿರಸಿ, ಇನ್ನೊಬ್ಬರು ಕಾರವಾರ, ನಡುವೆ ದೇವಿಮನೆ ಘಟ್ಟ. ಕೂಡಿ ನುಡಿಸೋದು ಕಡಿಮೆ, ಫೈಲ್ ಕಳಿಸೋದೇ ಹೆಚ್ಚು. ಅಮೆರಿಕದ ದಿ ಪೋಸ್ಟಲ್ ಸರ್ವೀಸ್ ಅನ್ನೋ ಬ್ಯಾಂಡ್‌ನವರೂ ಸಿಯಾಟಲ್, ಲಾಸ್ ಏಂಜಲೀಸ್ ನಡುವೆ ಅಂಚೆಯಲ್ಲಿ ರೆಕಾರ್ಡಿಂಗ್ ಕಳಿಸಿಕೊಂಡೇ 2003ರಲ್ಲಿ ಚೊಚ್ಚಲ ಆಲ್ಬಮ್ ತಂದಿದ್ದು. ಹೆಸರೂ ಹಾಗೇ ಬಂತು.

ಮೊನ್ನೆ ಒಂದು ಕಚ್ಚಾ ಮಿಕ್ಸ್ ಕೇಳಿದೆ. ಸಿಂಥಸೈಜರ್‌ನ ಉದ್ದನೆಯ ಸ್ವರ, ಅದರಡಿ ತೀರಾ ನಿಧಾನಕ್ಕೆ ಮದ್ದಳೆ. ಚಂಡೆಗೆ ಎಷ್ಟು ರಿವರ್ಬ್ (ಮಾರ್ದನಿ) ಹಾಕಿದ್ದಾರೆ ಅಂದ್ರೆ ಪೆಟ್ಟು ಮಾಯವಾಗಿ ಗುಂಗು ಮಾತ್ರ ಉಳಿದಿದೆ, ದೂರದ ಬಯಲಾಟವನ್ನು ನಿದ್ದೆಗಣ್ಣಲ್ಲಿ ಕೇಳಿದ ಹಾಗೆ. ಬಹಳ ಹಿಡಿಸಿತು. ಕೊನೆಯ ಗಿಟಾರ್ ಭಾಗ ಮಾತ್ರ ಬೇಡವಿತ್ತು, ಅವರಿಗೂ ಹೇಳಿದ್ದೇನೆ.

ಈಗ ಕೆಲಸದ ಮಾತು. ಅವರಿಗೆ ನಮ್ಮ ಕಡೆಯ ಸದ್ದು ಬೇಕು: ಅಡಿಕೆ ಸುಲಿಯೋದು, ಕಾಳಿ ಅಳಿವೆಯ ದೋಣಿ, ಬೈತಖೋಲ ಬಂದರಿನ ಬೆಳಗಿನ ಗದ್ದಲ. ವಾಯ್ಸ್ ನೋಟ್ ಬೇಡ, ಅದರಲ್ಲಿ ಸದ್ದು ಹಿಂಡಿ ಹೋಗುತ್ತೆ. ರೆಕಾರ್ಡಿಂಗ್ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ವೇವ್ (WAV) ಫೈಲ್, 48 ಕಿಲೋಹರ್ಟ್ಸ್, 24 ಬಿಟ್ ಇಟ್ಟುಕೊಳ್ಳಿ; ಡಾಕ್ಯುಮೆಂಟ್ ಆಗಿ ಕಳಿಸಿ. ಕಡಲ ಗಾಳಿ ಜೋರಿದ್ರೆ ಮೈಕಿಗೆ ತೆಳು ಬಟ್ಟೆ ಸುತ್ತಿ. ಮಧ್ಯೆ ದಯವಿಟ್ಟು ಮಾತಾಡಬೇಡಿ.

ವಿಡಿಯೊ ಕಾಲ್‌ನಲ್ಲೇ ಒಟ್ಟಿಗೆ ನುಡಿಸಬಹುದಲ್ಲ ಅಂತ ಕೆಲವರು ಕೇಳಿದ್ರಿ. ಆಗಲ್ಲ. ಒಬ್ಬರ ಸದ್ದು ಇನ್ನೊಬ್ಬರಿಗೆ ತಲುಪೋ ತಡ ಸುಮಾರು 30 ಮಿಲಿಸೆಕೆಂಡ್ ದಾಟಿದ್ರೆ ಒಬ್ಬರನ್ನೊಬ್ಬರು ಕಾಯ್ತಾ ಲಯ ಎಳೆಯೋಕೆ ಶುರುವಾಗುತ್ತೆ; ಕಾಲ್‌ನಲ್ಲಿ 100 ದಾಟೋದು ಮಾಮೂಲು.

ಭಾನುವಾರದೊಳಗೆ ಕಳಿಸಿ. ಕಚ್ಚಾ ಮಿಕ್ಸ್ ಸಿಕ್ಕವರು ಗುಂಪಿನಿಂದ ಹೊರಗೆ ಫಾರ್ವರ್ಡ್ ಮಾಡಬೇಡಿ.